ಕುಂಕುಮ ಹಚ್ಚದ ಬಾಯ್ಲರು

ಕರೆಂಟು ಹೋದರೆ ನನಗೆ ಬರುವಷ್ಟು ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ದೀಪ ಆರಿದ ಕೂಡಲೇ ಮೊಮ್ಮಗಳು, "ಹೂಂ, ಅಜ್ಜಿ, ಬೈಯಾಕ ಶುರು ಮಾಡು" ಎನ್ನುತ್ತಾಳೆ. ನಾನು ಶುರು ಮಾಡುತ್ತೇನೆ. ಮೊನ್ನೆ ಅವಳ ಅಣ್ಣ ಪೇಪರು ಓದುತ್ತ, ಎಲ್ಲೋ ದೂರದಲ್ಲಿ ಹಳೆಯ ವಿದ್ಯುತ್ ಕೇಂದ್ರವೊಂದನ್ನು ಮುಚ್ಚುತ್ತಾರಂತೆ ಎಂದ. "ಮುಚ್ಚಲಿ, ಅದರ ಬದಲಿ ಏನೈತಿ?" ಎಂದು ಕೇಳಿದೆ. "ಹೊಸಾದು ಬರತೈತಂತ." "ಬರತೈತೋ, ಬಂದೈತೋ? ಬಂದಿದ್ರ ಒಂದು ಮಳಿಗಾಲ ಓಡೇತೋ?" ಎಂದೆ. ಅವನು ಪೇಪರಿನ ಮೇಲಿಂದ ನನ್ನನ್ನೇ ನೋಡಿದ. ಹಳ್ಳಿಯಲ್ಲಿ ಹುಟ್ಟಿದ ಈ ಮುದುಕಿಗೆ ಇದೆಲ್ಲ ಯಾಕೆ ಬೇಕು ಎಂದು ಅವನಿಗೆ ಅನ್ನಿಸಿರಬೇಕು. ಯಾಕೆ ಬೇಕು ಎನ್ನುವುದನ್ನು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತವರು ಮುಂಡಗೋಡ ಕಡೆಯ ಚಿಗಳ್ಳಿ. ಮದುವೆಯಾಗಿ ದಾಂಡೇಲಿಗೆ ಬಂದಾಗ ದೊಡ್ಡ ಯುದ್ಧ ನಡೆದಿತ್ತು. ನನ್ನ ಗಂಡ ಅಲ್ಲಿಯ ಒಂದು ಕಟ್ಟಿಗೆ ಮಿಲ್ಲಿನಲ್ಲಿ ಫಿಟ್ಟರು. ಕಾಡಿನಿಂದ ಬಂದ ಸಾಗವಾನಿ ದಿಮ್ಮಿಗಳನ್ನು ಅಲ್ಲಿ ಕೊಯ್ದು, ರೈಲಿಗೆ ಹಾಕಿ ಅಳ್ನಾವರದ ಕಡೆಗೆ ಕಳಿಸುತ್ತಿದ್ದರು. ಮಿಲ್ಲಿನ ಹಿಂದೆ ಕೆಲಸಗಾರರ ಚಾಳು ಇತ್ತು. ಒಂದು ಖೋಲಿ, ಒಂದು ಪಡಸಾಲೆ, ಹಿತ್ತಿಲಿಗೆ ಕಾಲಿಟ್ಟರೆ ಕಾಡು. ಚಿಗಳ್ಳಿಯಲ್ಲಿ ಹೊಲ ನೋಡಿ ಬೆಳೆದ ನನಗೆ ಆ ಗಿಡಗಳು ಮೈಮೇಲೆ ಬಂದ ಹಾಗೆ ಆಗುತ್ತಿತ್ತು. ಸಂಜೆಯಾದರೆ ಕಂದೀಲು ಹಚ್ಚಿಕೊಂಡು, ಅದರ ಬೆಳಕು ಬೀಳುವಷ್ಟು ಜಾಗದಲ್ಲೇ ಅಡಿಗೆ, ಊಟ, ಎಲ್ಲ.

ನನ್ನ ಮಗಳು ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದಳು. ಒಂದು ಸಂಜೆ ಒಲೆಯ ಹತ್ತಿರದ ಕಟ್ಟಿಗೆ ರಾಶಿಯಲ್ಲಿ ಕೈಯಿಟ್ಟಳು, ಚೇಳು ಕಡಿಯಿತು. ಗಂಡ ಪಾಳಿಯ ಮೇಲಿದ್ದರು. ನಾನು ಒದರಿದ್ದು ಕೇಳಿ ಮೊದಲು ಓಡಿ ಬಂದವರು ಮಿಲ್ಲಿನ ಬಾಯ್ಲರ್ ಮನೆ ನೋಡಿಕೊಳ್ಳುತ್ತಿದ್ದ ವಯಸ್ಸಾದ ಚಾಚಾ. ಕೂಸನ್ನು ಎತ್ತಿಕೊಂಡು ಕಂಪೌಂಡರನ ಮನೆಗೆ ಓಡಿದರು. ಆ ವಯಸ್ಸಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ಮುಂದೆಂದೂ ನೋಡಲಿಲ್ಲ. ಔಷಧ ಹಚ್ಚಿದ ಮೇಲೂ ಕೂಸು ಅಳು ನಿಲ್ಲಿಸಲಿಲ್ಲ. ಅದು ಸುಸ್ತಾಗಿ ಮಲಗುವವರೆಗೆ ಚಾಚಾ ತೊಡೆಯ ಮೇಲಿಂದ ಇಳಿಸಲಿಲ್ಲ. ಮಗಳು ಉಳಿದಳು. ಮರುದಿನವೇ ನಾನು ಗಂಡನಿಗೆ ಹೇಳಿದೆ: "ಈ ಮನಿಗೆ ದೀಪ ಬರೂತನಕಾ ನಾ ಚಿಗಳ್ಳ್ಯಾಗ ಇರ್ತೇನಿ. ಬೇಕಾದ್ರ ನೀವೂ ಬರ್ರಿ." ಹೇಳಿ ಗಂಟು ಕಟ್ಟಿಕೊಂಡು ಹೋಗಿಯೇ ಬಿಟ್ಟೆ.

ನನ್ನ ಹಾಗೆ ಇನ್ನೂ ಕೆಲವರು ಹೆಂಗಸರು ತವರಿಗೆ ಹೋಗಿದ್ದರು. ಹೆಂಡತಿ ಇಲ್ಲದ ಗಂಡಸರು ವಾರಕ್ಕೊಮ್ಮೆ ಊರಿಗೆ ಓಡತೊಡಗಿದಾಗ ಮಿಲ್ಲಿನ ಸಾಹೇಬರಿಗೆ ಬುದ್ಧಿ ಬಂತು. ಮಿಲ್ಲಿನ ದೀಪಕ್ಕೆಂದು ಇದ್ದ ಡೈನಮೋದಿಂದ ಚಾಳಿಗೆ ತಂತಿ ಎಳೆಸಿ, ಮನೆಗೊಂದು ಬಲ್ಬು ಕೊಡಿಸಿದರು. ಹೊತ್ತು ಮುಳುಗಿದ ಮೇಲೆ ಹತ್ತುತ್ತಿತ್ತು, ಊಟ ಮುಗಿದು ಎಲ್ಲರೂ ಹಾಸಿಕೊಳ್ಳುವ ಹೊತ್ತಿಗೆ ಸೀಟಿ ಊದಿ ಆರಿಸುತ್ತಿದ್ದರು. ನಾನು ತಿರುಗಿ ಬಂದೆ. ಬಂದ ದಿನ ಆ ಬಲ್ಬಿನ ಕೆಳಗೆ ಮಗಳನ್ನು ಬಿಟ್ಟು, ಅವಳು ಎಲ್ಲೆಲ್ಲಿ ಕೈಯಿಡುತ್ತಾಳೆ ಎಂದು ಸುಮ್ಮನೆ ನೋಡುತ್ತ ಕೂತಿದ್ದೆ.

ಆ ಡೈನಮೋ, ಮಿಲ್ಲಿನ ಗರಗಸಗಳು ಎಲ್ಲ ತಿರುಗುತ್ತಿದ್ದದ್ದು ಚಾಚಾನ ಉಗಿ ಎಂಜಿನ್ನಿನಿಂದ. ಚಾಚಾ ಹಳಿಯಾಳದವರು. ಹೆಂಡತಿ ತೀರಿಕೊಂಡು ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ಬಾಯ್ಲರ್ ಮನೆಗೆ ಹತ್ತಿಕೊಂಡಿದ್ದ ಒಂದು ಸಣ್ಣ ಖೋಲಿಯಲ್ಲಿ ಇರುತ್ತಿದ್ದರು. ಮಿಲ್ಲಿನಲ್ಲಿ ಬಿದ್ದ ತೊಗಟೆ, ಚಕ್ಕೆ, ಕೊಯ್ದು ಉಳಿದ ತುಂಡು ಎಲ್ಲ ಆ ಬಾಯ್ಲರಿನ ಹೊಟ್ಟೆಗೆ ಹೋಗುತ್ತಿತ್ತು. ದೊಡ್ಡ ದಿಮ್ಮಿಯೊಂದು ಗರಗಸಕ್ಕೆ ಸಿಕ್ಕಿತೆಂದರೆ ನಮ್ಮ ಬಲ್ಬುಗಳು ಕೆಂಪಗಾಗಿ ಬಿಡುತ್ತಿದ್ದವು. ಆಗ ಯಾವುದಾದರೂ ಮನೆಯಿಂದ, "ಚಾಚಾನ ಮುದುಕಿಗೆ ದಮ್ಮು ಹತ್ತೇತಿ" ಎಂಬ ಮಾತು ಬರುತ್ತಿತ್ತು. ಎಲ್ಲರೂ ಎಂಜಿನ್ನಿಗೆ ಮುದುಕಿ ಎಂದೇ ಅನ್ನುತ್ತಿದ್ದರು. ಚಾಚಾ ಮಾತ್ರ ಅನ್ನುತ್ತಿರಲಿಲ್ಲ.

ಬೆಳಿಗ್ಗೆ ಹೊಸ ಕಟ್ಟಿಗೆ ಹಾಕುವ ಮೊದಲು ಅವರು ಬಾಯ್ಲರಿನ ಬಾಗಿಲು ತೆಗೆದು ಒಂದಿಷ್ಟು ಕೆಂಡ ಹೊರಗೆ ಎಳೆಯುತ್ತಿದ್ದರು. ಚಾಳಿನ ಹೆಂಗಸರೆಲ್ಲ ಹಂಚಿನ ಚೂರು ಹಿಡಿದುಕೊಂಡು ಅಲ್ಲಿ ನೆರೆಯುತ್ತಿದ್ದೆವು. ಕಡ್ಡಿಪೆಟ್ಟಿಗೆ ಸಿಗದ ಕಾಲ. ಎರಡು ಕೆಂಡ ಒಯ್ದರೆ ಒಲೆ ಹೊತ್ತುತ್ತಿತ್ತು, ಬಾಯ್ಲರಿನ ನಳದಲ್ಲಿ ಬಿಸಿನೀರೂ ಸಿಗುತ್ತಿತ್ತು. ಆದರೆ ಒಂದು ರೀತಿ ಇತ್ತು. ಯಾರೂ ಬರಿಗೈಯಲ್ಲಿ ಬಂದು ಬೆಂಕಿ ಒಯ್ಯುವಂತಿಲ್ಲ. ಒಂದು ತೊಗಟೆಯೋ, ಒಣಗಿದ ಟೊಂಗೆಯೋ ತಂದು ರಾಶಿಗೆ ಹಾಕಿಯೇ ಕೆಂಡ ಮುಟ್ಟಬೇಕು. ಚಾಚಾ ಮಾಡಿದ ಕಾಯಿದೆಯಲ್ಲ ಅದು. ಅವರಿಗಿಂತ ಮುಂಚಿನಿಂದ ಚಾಳಿನಲ್ಲಿ ನಡೆದು ಬಂದದ್ದು. ಹೊಸದಾಗಿ ಬಂದ ನಾನು ಮೊದಲ ದಿನ ಬರಿಗೈಯಲ್ಲಿ ಹೋಗಿ, ಪಕ್ಕದ ಮನೆಯ ಕಾಕೂನ ಕೈಯಲ್ಲಿ ಚೆನ್ನಾಗಿ ಬೈಸಿಕೊಂಡಿದ್ದೆ. ಈ ಕಾಕೂ ಜೋಯಿಡಾ ಕಡೆಯವಳು, ಬಾಯಲ್ಲಿ ಕೊಂಕಣಿ, ಸಿಟ್ಟು ಬಂದರೆ ಮಾತ್ರ ಕನ್ನಡ.

ಹೀಗಿರುವಾಗ ಎಣ್ಣೆ ಎಂಜಿನ್ನು ಬಂತು. ಸಾಹೇಬರು ಎಲ್ಲಿಂದಲೋ ಹೊಂದಿಸಿದ್ದು, ಹೊಸ ಡೈನಮೋ ಅದರ ಜೊತೆಗೇ ಬಂದಿತ್ತು. ಅದನ್ನು ಓಡಿಸುವ ಕೆಲಸ ನನ್ನ ಗಂಡನಿಗೆ ಸಿಕ್ಕಿತು. ಅವರ ಕಾಲು ನೆಲದ ಮೇಲಿರಲಿಲ್ಲ. ಹಳೆಯ ಎಂಜಿನ್ನಿಗೆ ಉಗಿ ಏರಲು ಅರ್ಧ ದಿನ ಬೇಕು; ಇದಕ್ಕೆ ಚಕ್ರ ತಿರುವಿದರೆ ಆಯಿತು. ಬಲ್ಬುಗಳು ಹಾಲಿನಂತೆ ಬೆಳಗಿದವು. ದಿಮ್ಮಿ ಎಷ್ಟು ದೊಡ್ಡದಿದ್ದರೂ ಕೆಂಪಗಾಗಲಿಲ್ಲ. ನನಗೂ ಹಿಗ್ಗು, ಸುಳ್ಳು ಯಾಕೆ ಹೇಳಲಿ. ಕಟ್ಟಿಗೆ ರಾಶಿಯ ಮೂಲೆಮೂಲೆ ಕಾಣುತ್ತಿತ್ತು.

ಆಮೇಲೆ ಒಂದು ದಿನ ಗಂಡ ಊಟಕ್ಕೆ ಕೂತು ಸಾಹೇಬರ ಮಾತು ಹೇಳಿದರು. ಈ ಮಳೆಗಾಲ ಹೊಸ ಎಂಜಿನ್ನು ಸರಿಯಾಗಿ ಓಡಿದರೆ ದಸರೆಯ ಮೇಲೆ ಬಾಯ್ಲರನ್ನು ಕಡಿಸಿ ಹಳಿಯಾಳದ ಮೋಡಕಾ, ಅಂದರೆ ಗುಜರಿ, ವ್ಯಾಪಾರಿಗೆ ಕೊಡುವುದು. ಯುದ್ಧದ ಕಾಲ, ಹಳೆಯ ಕಬ್ಬಿಣಕ್ಕೆ ಬಂಗಾರದ ಬೆಲೆ. "ಮತ್ತ ಚಾಚಾ?" ಎಂದೆ. "ಬಾಯ್ಲರ ಇಲ್ಲಂದ್ರ ಬಾಯ್ಲರನವ ಯಾಕ ಬೇಕು? ಹಳಿಯಾಳದಾಗ ಅಣ್ಣನ ಮಗ ಅದಾನಲ್ಲ, ಅಲ್ಲಿಗೆ ಹೋಗ್ತಾರ" ಎಂದರು. ಹೆಂಚಿನ ಮೇಲಿದ್ದ ರೊಟ್ಟಿ ಹೊತ್ತಿತು.

ಚಾಚಾನನ್ನೇ ಕೇಳಿದೆ. "ಅಲ್ಲಿ ಕೂಳೈತಿ ಬೇಟಿ, ಕೆಲಸಿಲ್ಲ" ಎಂದರು. "ಅಂಗಡಿ ಕಟ್ಟಿ ಮ್ಯಾಲ ಕುಂಡ್ರಸ್ತಾರ. ಬಂದವರು ಹೋದವರು ಸಲಾಂ ಅಂತಾರ. ಅಷ್ಟ." ಅಷ್ಟು ಹೇಳಿ ಬಾಯ್ಲರಿನ ಬಾಗಿಲಿಗೆ ತಿರುಗಿದರು. ಆ ಮನುಷ್ಯ ಅಲ್ಲಿ ಆರು ತಿಂಗಳೂ ಬದುಕುವುದಿಲ್ಲ ಎಂದು ನನಗೆ ಅನ್ನಿಸಿತು. ನನಗೆ ದೀಪವೂ ಬೇಕಾಗಿತ್ತು, ಚಾಚಾನೂ ಬೇಕಾಗಿತ್ತು. ದೀಪ ಎಷ್ಟು ಚೆನ್ನಾಗಿ ಉರಿದರೆ ಚಾಚಾ ಅಷ್ಟು ಬೇಗ ಹೋಗಬೇಕು. ಆ ಮಳೆಗಾಲದಲ್ಲಿ ಪ್ರತಿ ಸಂಜೆ ಬಲ್ಬು ಹತ್ತಿದಾಗ ಮನಸ್ಸಿಗೆ ಸಮಾಧಾನವಾಗುತ್ತಿತ್ತು, ಬೆನ್ನಿಗೇ ಹಳಿಯಾಳದ ಆ ಅಂಗಡಿ ಕಟ್ಟೆಯೂ ನೆನಪಾಗುತ್ತಿತ್ತು.

ಹಳೆಯ ಎಂಜಿನ್ನು ನಿಂತಿತು. ಅದರ ಡೈನಮೋದ ತಂತಿಗಳನ್ನು ಹೊರಗಿನ ಕಂಬದಲ್ಲಿ ಬಿಚ್ಚಿ ಸುತ್ತಿಟ್ಟರು. ಆದರೆ ಬಾಯ್ಲರಿನ ಬೆಂಕಿ ಆರಲಿಲ್ಲ, ಯಾಕೆಂದರೆ ನಾವು ಆರಗೊಡಲಿಲ್ಲ. ಕೆಂಡ ಬೇಕಲ್ಲ. ಮಿಲ್ಲಿನ ಚಕ್ಕೆಯನ್ನು ಮುಟ್ಟಬೇಡಿ ಎಂದು ಸಾಹೇಬರ ಅಪ್ಪಣೆಯಾಗಿತ್ತು. ಮುಟ್ಟಲಿಲ್ಲ. ಕಾಡಿನಂಚಿಗೆ ಹೋಗಿ ಟೊಂಗೆ ಆರಿಸಿ ತಂದು ಒಬ್ಬೊಬ್ಬರೂ ಒಂದೊಂದು ಹಿಡಿ ಹಾಕುತ್ತಿದ್ದೆವು. ಅದನ್ನೇ ಬೂದಿಯಲ್ಲಿ ಮುಚ್ಚಿ, ಕೆದಕಿ, ಚಾಚಾ ದಿನಕ್ಕೆ ದಿನ ದಾಟಿಸುತ್ತಿದ್ದರು.

ಸಾಹೇಬರು ಬೆಳಗಾವಿಯ ಕಡೆಯವರು, ಮಾತು ಅರ್ಧ ಮರಾಠಿ. ಒಂದು ಬೆಳಿಗ್ಗೆ ಬಂದು ನಮ್ಮ ಗುಂಪನ್ನು ನೋಡಿ, "ಬೆಂಕಿ ಕಶಾಲಾ, ಯಾಕ? ನೀರು ಖಾಲಿ ಮಾಡ್ರಿ ಅಂದಿದ್ನಲ್ಲ" ಎಂದರು. ಚಾಚಾ ಎದ್ದು ನಿಂತು, "ನೀರ ಖಾಲಿ ಮಾಡಿ ಬೆಂಕಿ ಇಟ್ರ ತಗಡು ಸುಟ್ಟು ಹೋಗ್ತೇತಿ ಸಾಹೇಬ. ವ್ಯಾಪಾರಿ ಸುಟ್ಟ ತಗಡು ತಗೊಳ್ಳೂದಿಲ್ಲ" ಎಂದರು. "ಹಂಗಾದ್ರ ಬೆಂಕಿ ಆರಸ್ರಿ." "ಬೆಂಕಿ ನಂದಲ್ರಿ, ಇವರದು" ಎಂದು ನಮ್ಮ ಕಡೆಗೆ ಕೈ ತೋರಿಸಿದರು. ಸಾಹೇಬರು ನಮ್ಮ ಕಡೆ ತಿರುಗಿದರು. ಎಲ್ಲರಿಗಿಂತ ಮುಂದೆ ಕಾಕೂ ನಿಂತಿದ್ದಳು, ಕನ್ನಡದಲ್ಲಿ. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ಮನೆಯಲ್ಲಿ ಮಾತ್ರ ಗಂಡ ಮುಖ ಊದಿಸಿಕೊಂಡರು. "ನನ್ನ ಎಂಜಿನ್ನ ಮ್ಯಾಲ ನಿನಗ ಭರೋಸೆ ಇಲ್ಲ. ಊರ ಹೆಂಗಸರನ್ನ ಕಟಗೊಂಡು ಆ ಮುದುಕಿಗೆ ಉಪಚಾರ ಮಾಡಾಕತ್ತಿ" ಎಂದರು. "ಒಲಿಗೆ ಕೆಂಡ ಬೇಕ್ರಿ. ನಿಮ್ಮ ಎಂಜಿನ್ನ ಕೆಂಡ ಕೊಡತೈತೇನು?" ಎಂದೆ. "ದೀಪ ಕೊಡತೈತಲ್ಲ." "ದೀಪದ ಮ್ಯಾಲ ರೊಟ್ಟಿ ಬೇಯ್ತಾವೇನು?" ಅವರು ತಾಟು ಸರಿಸಿ ಎದ್ದರು. ಭರೋಸೆ ಇಲ್ಲವೆಂದಲ್ಲ. ಅವರ ಎಂಜಿನ್ನು ಆ ಮಳೆಗಾಲದಲ್ಲಿ ಒಂದು ಸಂಜೆಯೂ ಕೈಕೊಡಲಿಲ್ಲ. ಕೊಡಲಿ ಎಂದು ನಾನು ಒಮ್ಮೆಯೂ ಬೇಡಿಕೊಳ್ಳಲಿಲ್ಲ, ಆದರೆ ಕೊಡಲಿಲ್ಲವಲ್ಲ ಎಂದು ಒಳಗೊಳಗೆ ಸಂಕಟಪಟ್ಟದ್ದು ನಿಜ.

ನವರಾತ್ರಿ ಬಂತು. ಆ ವಾರ ಚಾಳಿನ ಸುತ್ತ ಚಿರತೆ ತಿರುಗುತ್ತಿತ್ತು. ಮೊದಲು ಒಂದು ಕುರಿ ಹೋಯಿತು, ಆಮೇಲೆ ಕೊನೆಯ ಮನೆಯ ಅಂಗಳದಿಂದ ಇನ್ನೂ ಮಬ್ಬುಗತ್ತಲು ಇರುವಾಗಲೇ ನಾಯಿಯನ್ನು ಒಯ್ದಿತು. ದೀಪ ಉರಿಯುವ ಹೊತ್ತಿನಲ್ಲಿ ಅದು ಹತ್ತಿರ ಸುಳಿಯುತ್ತಿರಲಿಲ್ಲ. ಸಂಜೆ ಬಲ್ಬು ಹತ್ತುವವರೆಗೆ ಮಕ್ಕಳನ್ನು ಒಳಗೆ ಹಾಕಿ ಚಿಲಕ ಹಾಕುವುದು, ಹತ್ತಿದ ಮೇಲೆ ಹೆಂಗಸರು ಗುಂಪಾಗಿ ಹಿತ್ತಿಲ ಕಡೆ ಹೋಗಿಬರುವುದು, ಹೀಗೆ ನಡೆದಿತ್ತು.

ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಬೆಳಿಗ್ಗೆ ಮಿಲ್ಲಿನಲ್ಲಿ ಎಂದಿನ ಸಡಗರ. ನಮ್ಮ ಕಡೆ ಆ ದಿನ ಪೂಜೆಯಾದ ಹತಾರವನ್ನು ಮರುದಿನ ಬನ್ನಿ ಮುಡಿಯುವವರೆಗೆ ಯಾರೂ ಮುಟ್ಟುವುದಿಲ್ಲ. ಅದಕ್ಕೂ ವಿಶ್ರಾಂತಿ ಬೇಕಲ್ಲ. ಹಿಂದೆಲ್ಲ ಉಗಿ ಎಂಜಿನ್ನಿನ ಬೆಂಕಿ ಆರಿಸಿ, ಬಾಯ್ಲರು ತೊಳೆದು ಪೂಜೆ ಮಾಡುತ್ತಿದ್ದರು. ಮುಂದೆ ನಿಂತು ತೊಳೆಯುತ್ತಿದ್ದವರು ಚಾಚಾ; ಕಾಯಿ ಒಡೆದ ಮೇಲೆ ಅವರಿಗೇ ಮೊದಲ ಹೋಳು. ಆ ಒಂದು ಸಂಜೆ ದೀಪವಿರುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ, ಕಂದೀಲು ಹಚ್ಚಿಕೊಳ್ಳುತ್ತಿದ್ದರು.

ಆ ವರ್ಷ ನನ್ನ ಗಂಡ ಎಣ್ಣೆ ಎಂಜಿನ್ನನ್ನು ಮದುವೆಯ ಹೆಣ್ಣಿನ ಹಾಗೆ ಸಿಂಗರಿಸಿದರು. ಬಾಳೆಕಂಬ, ಚೆಂಡುಹೂವು, ಕುಂಕುಮ, ವಿಭೂತಿ. ಗರಗಸಗಳಿಗೆ, ಪಾನಾಗಳಿಗೆ, ಇಕ್ಕಳಕ್ಕೆ, ಎಣ್ಣೆ ಹೊಯ್ಯುವ ಡಬ್ಬಿಗೆ ಸಹ ಕುಂಕುಮ ಬಿತ್ತು. ಬಾಯ್ಲರಿನ ಮಾರಾಟದ ಮಾತು ಆಗಲೇ ಮುಗಿದಿತ್ತು, ಅದರ ಕಡೆ ಯಾರೂ ಹೋಗಲಿಲ್ಲ. ನಾನು ಕೇಳಿದ್ದಕ್ಕೆ ಒಬ್ಬ ಹಿರಿಯರು, "ಮಾರಿದ್ದಕ್ಕ ಪೂಜಿ ಮಾಡೂದಿಲ್ಲ ತಂಗಿ" ಎಂದರು. ನನ್ನ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ದುಡಿಸಿಕೊಂಡದ್ದು ನೆನಪಿಲ್ಲ, ಮಾರಿದ್ದು ನೆನಪಿದೆ. ಕುಂಕುಮದ ಬಟ್ಟಲನ್ನು ಕೈಗೆತ್ತಿಕೊಂಡು ನಾನೇ ಬಾಯ್ಲರ್ ಮನೆಗೆ ಹೋದೆ. ಚಾಚಾ ಬಾಗಿಲಲ್ಲಿ ಕೈ ಅಡ್ಡ ಹಿಡಿದರು.

"ಬ್ಯಾಡ ಬೇಟಿ. ಪೂಜಿ ಅಂದ್ರ ಬೆಂಕಿ ಆರಸಬೇಕು. ನಾಳೆ ಹಬ್ಬ, ಹೋಳಿಗಿ ಮಾಡವರು. ಅಷ್ಟೂ ಮನಿಗೆ ಕೆಂಡ ಎಲ್ಲಿಂದ ತರಲಿ?"

"ಕೆಂಡ ಹಾಳಾಗಿ ಹೋಗಲಿ ಚಾಚಾ. ನಿಮ್ಮ ಬಾಯ್ಲರ ಬಿಟ್ಟಾರಲ್ಲ, ನಿಮಗ ಏನೂ ಅನ್ಸೂದಿಲ್ಲೇನು?"

"ಅನ್ಸತೈತಿ" ಎಂದರು. ನಾನು ಬಟ್ಟಲು ಹಿಡಿದುಕೊಂಡು ತಿರುಗಿ ಬಂದೆ, ದಾರಿಯುದ್ದಕ್ಕೂ ಅತ್ತೆ.

ಮಧ್ಯಾಹ್ನ ಊಟವಾದ ಮೇಲೆ ಕಾಕೂ ಖಾಲಿ ಡಬ್ಬಿ ಹಿಡಿದುಕೊಂಡು ಬಂದಳು. ಅಂಗಡಿಯಲ್ಲಿ ಚಿಮಣಿ ಎಣ್ಣೆ ಇಲ್ಲ, ಆ ವಾರದ ಪಾಲು ಬಂದೇ ಇಲ್ಲ. ನನ್ನ ಮನೆಯಲ್ಲಿಯೂ ಇರಲಿಲ್ಲ. ಬಲ್ಬು ಬಂದ ಮೇಲೆ ಎಣ್ಣೆ ಕೂಡಿಡುವುದನ್ನು ಎಲ್ಲರೂ ಮರೆತಿದ್ದೆವು. ನನ್ನ ಕಂದೀಲಿನ ಬತ್ತಿಯನ್ನು ಇಲಿ ತಿಂದಿತ್ತು. ಸಂಜೆಗೆ ಎಂಜಿನ್ನಿಲ್ಲ, ಎಣ್ಣೆಯಿಲ್ಲ, ಹಿತ್ತಿಲಲ್ಲಿ ಚಿರತೆ. ಎಂಜಿನ್ನಿಗೆ ಕುಂಕುಮ ಹಚ್ಚಿದ ಕೈಗಳು ನಮ್ಮವೇ. ಇರುವುದು ಒಂದೇ ಎಂಜಿನ್ನು, ಅದಕ್ಕೂ ಪೂಜೆ ಮಾಡಿ ಕೂಡಿಸಿದರೆ ಸಂಜೆಯ ಕಂದೀಲಿಗೆ ಎಣ್ಣೆ ಎಲ್ಲಿದೆ ಎಂದು ಇಡೀ ಚಾಳಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಸುದ್ದಿ ಸಾಹೇಬರಿಗೆ ಮುಟ್ಟಿತು. ಅವರು ಬಂದು ನನ್ನ ಗಂಡನಿಗೆ ಎಂಜಿನ್ನು ಚಾಲೂ ಮಾಡು ಎಂದರು. ನನ್ನ ಗಂಡ ಅವರಿಗೆ ಎಂದೂ ಎದುರು ಮಾತಾಡಿದವರಲ್ಲ. ಆ ದಿನ ತಲೆ ತಗ್ಗಿಸಿಕೊಂಡೇ, "ಪೂಜಿ ಆಗೇತ್ರಿ. ಮುಟ್ಟಾಂಗಿಲ್ರಿ" ಎಂದರು. "ಮಕ್ಕಳನ್ನ ಚಿರತಿ ಒಯ್ದ್ರ?" "ಬಾಗಲಾ ಹಾಕೊಂಡು ಕುಂಡ್ರತೇವ್ರಿ." ಸಾಹೇಬರು ನಮ್ಮ ಕಡೆ ನೋಡಿದರು, ನಾವು ಹೆಂಗಸರೂ ಹೂಂ ಅನ್ನಲಿಲ್ಲ. ದೀಪ ಬೇಕಾದವರೂ ನಾವೇ, ಬೇಡವೆನ್ನುವವರೂ ನಾವೇ. ನನ್ನ ಸೊಂಟದ ಮೇಲೆ ಮಗಳಿದ್ದಳು. ಆ ಎಂಜಿನ್ನು ಮುಟ್ಟಿಸಿ ಆಮೇಲೆ ಏನಾದರೂ ಕೆಟ್ಟದ್ದಾದರೆ ಎಂಬ ಹೆದರಿಕೆ ನನಗೂ ಇತ್ತು.

ಆಗ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ಚಾಚಾನನ್ನು ಕರೆಸಿ, "ನಿಮಗ ಈ ಪೂಜಿ ಗೀಜಿ ಇಲ್ಲಲ್ಲ. ನೀವು ಚಕ್ರ ತಿರುವ್ರಿ" ಎಂದರು. ನನ್ನ ಗಂಡನ ಮುಖ ಬಿಳಚಿಕೊಂಡಿತು. ಚಾಚಾ ತಿರುವಿದ್ದರೆ ಯಾರೂ ತಡೆಯುವಂತಿರಲಿಲ್ಲ. ಸಾಹೇಬರಿಗೂ ಮೆಚ್ಚುಗೆಯಾಗುತ್ತಿತ್ತು, ಯಾರಿಗೆ ಗೊತ್ತು, ಇನ್ನೊಂದು ಕೆಲಸವೂ ಸಿಗುತ್ತಿತ್ತೇನೋ. ಚಾಚಾ ಹೂವು ಮುಡಿದ ಎಂಜಿನ್ನನ್ನು ನೋಡಿದರು, ನನ್ನ ಗಂಡನನ್ನು ನೋಡಿದರು.

"ಇಷ್ಟು ವರ್ಸ ಇವರ ಪೂಜಿ ಕಾಯಿ ತಿಂದೇನಿ ಸಾಹೇಬ. ಇವರು ಕುಂಡ್ರಿಸಿದ್ದನ್ನ ನಾ ಎಬ್ಬಸೂದಿಲ್ಲ" ಎಂದರು. ಆಮೇಲೆ ಬಾಯ್ಲರ್ ಮನೆಯ ಕಡೆ ಕೈ ತೋರಿಸಿ ಹೇಳಿದರು: "ನನ್ನದಕ್ಕ ಯಾರೂ ಪೂಜಿ ಮಾಡಿಲ್ಲ. ಅದನ್ನ ಮುಟ್ಟಬಹುದು. ಬೆಂಕಿನೂ ಐತಿ, ನೀರೂ ಬೆಚ್ಚಗ ಅದಾವು. ಕಟ್ಟಿಗಿ ಕೊಟ್ರ ಹೊತ್ತ ಮುಳಗೂದ್ರಾಗ ಉಗಿ ಕೊಡ್ತೇನಿ."

ಸಾಹೇಬರು ಬಾಯಿ ತೆರೆಯುವ ಮೊದಲೇ ಕಾಕೂ ಚಕ್ಕೆಯ ರಾಶಿಗೆ ಕೈ ಹಾಕಿದ್ದಳು. ಚಾಳಿನ ಹೆಂಗಸರೆಲ್ಲ ಸೀರೆ ಮೇಲೆ ಕಟ್ಟಿ, ಬುಟ್ಟಿ ಬುಟ್ಟಿ ಚಕ್ಕೆ ಹೊತ್ತು ಹಾಕಿದೆವು. ಚಾಚಾನ ಸಲಿಕೆಗೂ ಕುಂಕುಮ ಬಿದ್ದಿರಲಿಲ್ಲ, ಅದೂ ಒಳ್ಳೆಯದೇ ಆಯಿತು. ಬೂದಿ ಸರಿಸಿ ಹೊಸ ಕಟ್ಟಿಗೆ ಇಟ್ಟ ಕೂಡಲೇ ಜ್ವಾಲೆ ಎದ್ದಿತು. ತಣ್ಣಗಿದ್ದ ಬಾಯ್ಲರಾಗಿದ್ದರೆ ನಡುರಾತ್ರಿಗೂ ಉಗಿ ಬರುತ್ತಿರಲಿಲ್ಲ.

ಉಳಿದದ್ದು ತಂತಿ. ಹಳೆಯ ಡೈನಮೋದ ತಂತಿಯನ್ನು ಕಂಬದಲ್ಲಿ ಮತ್ತೆ ಜೋಡಿಸಬೇಕು. ಆ ಕೆಲಸ ಗೊತ್ತಿದ್ದದ್ದು ನನ್ನ ಗಂಡನಿಗೆ, ಇಕ್ಕಳಕ್ಕೆ ಪೂಜೆ ಆಗಿತ್ತು. ಅವರು ಸ್ವಲ್ಪ ಹೊತ್ತು ಕಂಬದ ಕೆಳಗೆ ನಿಂತರು. ನಾನು ಬುಟ್ಟಿ ಹೊತ್ತುಕೊಂಡೇ, "ಕೈಬೆರಳಿಗೆ ಯಾರೂ ಕುಂಕುಮ ಹಚ್ಚಿಲ್ರಿ" ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿ ಕಂಬ ಹತ್ತಿದರು. ದಪ್ಪ ತಾಮ್ರದ ತಂತಿಯನ್ನು ಬರಿಗೈಯಿಂದ ಹೊಸೆದು ಇಳಿದಾಗ ಬೆರಳ ತುದಿಗಳಲ್ಲಿ ರಕ್ತ ಒಸರುತ್ತಿತ್ತು. ಚಾಚಾ ತಮ್ಮ ಹೆಗಲ ಮೇಲಿನ ಬಟ್ಟೆ ಹರಿದು ಅದಕ್ಕೆ ಸುತ್ತಿದರು.

ಹೊತ್ತು ಮುಳುಗಿತು. ಬಲ್ಬುಗಳು ಮೊದಲು ಕೆಂಪಗಾದವು, ಆಮೇಲೆ ಹಳದಿ, ಆಮೇಲೆ ನಿಂತವು. ಎಣ್ಣೆ ಎಂಜಿನ್ನಿನ ಬಿಳುಪು ಇರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಚಾಳಿನವರೆಲ್ಲ ಅಂಗಳಕ್ಕೆ ಬಂದು ಬಲ್ಬನ್ನೇ ನೋಡುತ್ತ ನಿಂತರು. ಸಾಹೇಬರು ಬಾಯ್ಲರ್ ಮನೆಯ ಮುಂದೆ ಬಹಳ ಹೊತ್ತು ಕೂತಿದ್ದರು. ಅವರು ಕೆಟ್ಟವರಲ್ಲ. ದಸರೆಯ ಮರುದಿನ ಹಳಿಯಾಳದ ವ್ಯಾಪಾರಿ ಚಕ್ಕಡಿ ತಂದಾಗ, "ಇನ್ನೊಂದು ಎಂಜಿನ್ನು ಬಂದು, ಅದೂ ಒಂದು ಮಳೆಗಾಲ ಓಡಲಿ, ಆಮೇಲೆ ಬಾ" ಎಂದು ಖಾಲಿ ಚಕ್ಕಡಿಯನ್ನು ತಿರುಗಿ ಕಳಿಸಿದರು. ಚಾಚಾ ಉಳಿದರು. ಉಗಿ ಬೇಕಾದಾಗ ಕೊಡುವುದು, ಬೇಡವಾದಾಗ ಬೆಂಕಿ ಆರದಂತೆ ನೋಡಿಕೊಳ್ಳುವುದು ಅವರ ಕೆಲಸವಾಯಿತು.

ಅಲ್ಲಿಂದ ಮುಂದೆ ಪ್ರತಿ ಖಂಡೆ ಪೂಜೆಗೂ ಬಾಯ್ಲರಿಗೆ ಕುಂಕುಮ ಹಚ್ಚಬಾರದು ಎಂಬುದೇ ಮಿಲ್ಲಿನ ರೀತಿಯಾಯಿತು. ಎಲ್ಲ ಕೂತಾಗ ಅದೊಂದು ಎದ್ದಿರಬೇಕು. ಮೊದಮೊದಲು ನನಗೆ ಕಸಿವಿಸಿಯಾಗುತ್ತಿತ್ತು. ಉಳಿದ ದಿನಗಳಲ್ಲಿ ಚಾಚಾ ಏನೂ ಮಾಡದೆ ಕೂತಂತೆ ಕಾಣುತ್ತಿದ್ದರು. ಕೆಲವರು ಆಡಿಕೊಂಡದ್ದೂ ಉಂಟು. ಬೂದಿಯ ಕೆಳಗೆ ಒಂದು ಬೆಂಕಿಯನ್ನು ಮಳೆಗಾಲವಿಡೀ ಕಾಯ್ದಿಟ್ಟವರಿಗೆ ಮಾತ್ರ ಅದು ಎಂಥ ಕೆಲಸವೆಂದು ಗೊತ್ತು. ಎಣ್ಣೆಯ ಪೀಪಾಯಿಗಳು ರೈಲಿನಲ್ಲಿ ತಡವಾದಾಗ, ಹೊಸ ಎಂಜಿನ್ನಿನ ಒಂದು ಭಾಗ ಒಡೆದು ಹುಬ್ಬಳ್ಳಿಗೆ ಹೋದಾಗ, ಚಾಳಿನ ದೀಪ ಒಂದು ಸಂಜೆಯೂ ತಪ್ಪಲಿಲ್ಲ. ನನ್ನ ಗಂಡ ಈಗ ತಾವೇ ಮಗಳ ಕೈಯಲ್ಲಿ ಟೊಂಗೆ ಕೊಟ್ಟು ಬಾಯ್ಲರ್ ಮನೆಗೆ ಕಳಿಸುತ್ತಿದ್ದರು.

ಯುದ್ಧ ಮುಗಿದು ಸ್ವಲ್ಪ ದಿನಕ್ಕೆ ಎರಡನೆಯ ಎಣ್ಣೆ ಎಂಜಿನ್ನು ಬಂತು. ಆ ಹೊತ್ತಿಗೆ ಸಾಹೇಬರು ಬದಲಾಗಿದ್ದರು. ಹೊಸಬರು ಬಾಯ್ಲರಿನ ಗೋಜಿಗೆ ಹೋಗಲಿಲ್ಲ; ಚಾಚಾ ಬೇಕೆಂದಿದ್ದರೆ ಅದು ಹಾಗೇ ಇರುತ್ತಿತ್ತು, ಅವರೂ ಇರುತ್ತಿದ್ದರು. ಆ ಮಳೆಗಾಲ ಚಾಚಾ ದಿನಾ ಸಂಜೆ ಹೊಸ ಎಂಜಿನ್ನಿನ ಹತ್ತಿರ ಒಂದು ಪೀಪಾಯಿಯ ಮೇಲೆ ಕೂತು ಅದರ ಸಪ್ಪಳ ಕೇಳುತ್ತಿದ್ದರು. ಒಂದು ನಿಂತಾಗ ಇನ್ನೊಂದನ್ನು ನನ್ನ ಗಂಡ ಎಷ್ಟು ಬೇಗ ಎಬ್ಬಿಸುತ್ತಾರೆ ಎಂದು ನೋಡುತ್ತಿದ್ದರು. ಅವರಿಗೆ ಈಗ ಸಲಿಕೆ ಭಾರವಾಗುತ್ತಿತ್ತು. ಅದನ್ನು ನಾವು ನೋಡಿಯೂ ನೋಡದ ಹಾಗೆ ಇದ್ದೆವು.

ಖಂಡೆ ಪೂಜೆಯ ಹಿಂದಿನ ದಿನ ನನ್ನನ್ನು ಕರೆದರು. "ಬೇಟಿ, ಈ ವರ್ಸ ಆ ಎರಡರಾಗ ಒಂದಕ್ಕ ಪೂಜಿ ಬಿಡ್ರಿ. ನನ್ನದಕ್ಕ ಮಾಡು" ಎಂದರು.

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಜಗಳಕ್ಕೇ ನಿಂತೆ. "ಯಾರು ಹೋಗಂದ್ರು ನಿಮಗ? ಸಾಹೇಬರು ಅಂದ್ರೋ? ನನ್ನ ಗಂಡ ಅಂದ್ರೋ? ಯಾರು ಅಂದ್ರು ಹೇಳ್ರಿ, ಅವರ ಮನಿ ಮುಂದ ಹೋಗಿ ಕುಂಡ್ರತೇನಿ."

"ಯಾರೂ ಅಂದಿಲ್ಲ. ಅವು ಎರಡೂ ಒಂದು ಮಳಿಗಾಲ ದಾಟ್ಯಾವ, ನಾನ ನೋಡೇನಿ. ಇನ್ನ ಇದನ್ನ ಕಾಯೋದು ನನ್ನ ಸಲುವಾಗಿ ಆಗತೈತಿ, ದೀಪದ ಸಲುವಾಗಿ ಅಲ್ಲ."

ಆ ಸಂಜೆಯೇ ಅವರು ಬಾಯ್ಲರಿನಲ್ಲಿದ್ದ ಕೆಂಡವನ್ನೆಲ್ಲ ಹೊರಗೆ ಎಳೆದು, ಚಾಳಿನ ಅಷ್ಟೂ ಮನೆಗೆ ಹಂಚಿದರು. ಕಾಕೂ ತನ್ನ ಪಾಲು ಒಯ್ಯುವಾಗಲೂ ಒಂದು ಟೊಂಗೆ ತಂದಿದ್ದಳು. ಎಲ್ಲಿ ಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಿದ್ದಳು. ಮರುದಿನ ಬೆಳಿಗ್ಗೆ ನಾನು ಬಾಯ್ಲರಿನ ಬಾಗಿಲಿಗೆ ಕುಂಕುಮ ಹಚ್ಚಿದೆ. ಕಬ್ಬಿಣ ತಣ್ಣಗಿತ್ತು. ಅಷ್ಟು ವರ್ಷಗಳಲ್ಲಿ ನಾನು ಅದನ್ನು ಬರಿಗೈಯಿಂದ ಮುಟ್ಟಿದ್ದು ಅದೇ ಮೊದಲು. ಕಾಯಿ ಒಡೆದು ಮೊದಲ ಹೋಳು ಚಾಚಾನಿಗೆ ಕೊಟ್ಟೆ. ಅವರು ಕಣ್ಣಿಗೆ ಒತ್ತಿಕೊಂಡರು.

ಬನ್ನಿಯ ಮರುದಿನ ಹಳಿಯಾಳಕ್ಕೆ ಹೊರಡುವುದೆಂದು ಟ್ರಂಕು ಕಟ್ಟಿದ್ದರು. ಹೊರಡುವ ಹಿಂದಿನ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು. ಅಂಗಳದಲ್ಲಿ ಹುಡುಗರು ಗೋಲಿ ಆಡುತ್ತಿದ್ದರು, ಕಾಕೂ ಯಾರಿಗೋ ಕನ್ನಡದಲ್ಲಿ ಬೈಯುತ್ತಿದ್ದಳು, ನನ್ನ ಮಗಳು ಹೊಸ್ತಿಲ ಮೇಲೆ ಪಾಟಿ ಹಿಡಿದು ಅಕ್ಷರ ತಿದ್ದುತ್ತಿದ್ದಳು. ಬಲ್ಬುಗಳು ಹತ್ತಿದವು. ಹುಡುಗರು ಗೋಲಿ ಆಡುತ್ತಲೇ ಇದ್ದರು. ಕಾಕೂ ಬೈಯುತ್ತಲೇ ಇದ್ದಳು. ಮಗಳು ಅಕ್ಷರದಿಂದ ಕಣ್ಣು ಕೀಳಲಿಲ್ಲ.

ಚಾಚಾ ಒಬ್ಬೊಬ್ಬರನ್ನೇ ನೋಡುತ್ತ ಬಂದರು. "ನೋಡು ಬೇಟಿ, ಒಬ್ಬರೂ ತಲಿ ಎತ್ತಿ ದೀಪ ನೋಡಲಿಲ್ಲ" ಎಂದರು. ಅವರ ಮುಖದಲ್ಲಿ ಸಂತೋಷವಿತ್ತು, ನಾನು ಸುಳ್ಳು ಹೇಳುತ್ತಿಲ್ಲ. "ಇನ್ನ ನಾ ಹೋಗಬಹುದು."

ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ, ಹಿಂದೆಯೇ ಬಂದ ನನ್ನ ಗಂಡನಿಗೆ ನನ್ನ ಅಳು ಕಾಣದಂತೆ ಮಾಡಲು ನನಗೆ ಆಗಲಿಲ್ಲ.